ಹೊರಗೆ ಕೂತವಳ ಡೈರಿ

ಡೈರಿ ಬರೆದರೆ ಮನಸ್ಸು ಹಗುರವಾಗುತ್ತದೆ, ಬುದ್ಧಿ ಚುರುಕಾಗುತ್ತದೆ ಎಂದು ಓದಿದವರು ಹೇಳುತ್ತಾರೆ. ಇರಬಹುದು. ನಾನು ಓದಿದ್ದು ಮೂರನೇ ಕ್ಲಾಸು. ಮನಸ್ಸು ಹಗುರವಾದ ನೆನಪಿಲ್ಲ. ಗಂಡನ ಮನೆಯಲ್ಲಿ ಉಳಿದುಕೊಂಡೆ, ಅಷ್ಟೇ ಲಾಭ.

ಅರವತ್ತನೇ ಇಸವಿಯ ಆಚೀಚೆಯ ಮಾತು. ಶಿಡ್ಲಘಟ್ಟದ ಪಕ್ಕದ ಹಳ್ಳಿಗೆ ನನ್ನನ್ನು ಕೊಟ್ಟು ಎರಡು ವರ್ಷವಾಗಿತ್ತು. ಮನೆಯಲ್ಲಿ ಅತ್ತೆ, ಮಾವ, ಗಂಡ, ನಾನು, ಮತ್ತೆ ರೇಷ್ಮೆ ಹುಳು. ಮರ್ಯಾದೆಯಲ್ಲಿ ಹುಳು ಮೊದಲು, ನಾನು ಕೊನೆ. ಮುಟ್ಟಾದವಳು ಹುಳುವಿನ ಕೋಣೆಗೆ ಕಾಲಿಡುವಂತಿರಲಿಲ್ಲ. ಮೂರು ದಿನ ಕೊಟ್ಟಿಗೆ ಪಕ್ಕದ ಜಗಲಿಯಲ್ಲಿ ಕೂರಬೇಕು. ಮಿಕ್ಕ ದಿನ ಕೂರಲು ಬಿಡದವರು ಆ ಮೂರು ದಿನ ಏಳಲು ಬಿಡುತ್ತಿರಲಿಲ್ಲ.

ಚಿಂತಾಮಣಿಯ ಮಂಡಿಯವರು ಮಾವನಿಗೆ ಹೊಸ ವರ್ಷಕ್ಕೆ ಒಂದು ಡೈರಿ ಕೊಟ್ಟಿದ್ದರು, ಪುಟಕ್ಕೊಂದು ತಾರೀಖು ಅಚ್ಚಾಗಿದ್ದದ್ದು. ಮಾವನಿಗೆ ಓದು ಬರದು. ನಾಲ್ಕು ಜನಕ್ಕೆ ತೋರಿಸಿ ದೊಡ್ಡಸ್ತಿಕೆ ಮುಗಿದ ಮೇಲೆ ಅಟ್ಟಕ್ಕೆ ಎಸೆದರು. ನಾನು ಎತ್ತಿಕೊಂಡು ಬಂದು ಜಗಲಿಯ ಸಂದಿಯಲ್ಲಿಟ್ಟೆ. ಹೊರಗೆ ಕೂತ ದಿನ ಮಾತ್ರ ಬರೆಯುತ್ತಿದ್ದೆ. ಅಲ್ಲಿಂದ ಅಂಗಳವೂ ಹುಳುವಿನ ಕೋಣೆಯ ಬಾಗಿಲೂ ಕಾಣುತ್ತಿದ್ದವು, ಕಂಡದ್ದನ್ನು ಬರೆದೆ. ಮನದಾಳದ ಭಾವನೆ ಬರೆಯಬೇಕೆಂದು ನನಗೆ ಯಾರೂ ಹೇಳಿರಲಿಲ್ಲ.

ಆ ಮಳೆಗಾಲ, ಗೂಡು ಕಟ್ಟಲು ನಾಲ್ಕು ದಿನವಿರುವಾಗ, ಹುಳು ಕರ್ರಗಾಗಿ ಕೊಳೆತು ನಾರಿದವು. ಸಾಕುವ ತಟ್ಟೆಗಳ ಹುಳುವೆಲ್ಲ ತಿಪ್ಪೆಗೆ ಹೋಯಿತು. ಕಾರಣ ಹುಡುಕಲು ಅತ್ತೆಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ.

“ಮೂರನೇ ದಿನವೇ ಒಳಕ್ಕೆ ಬಂದು ಸೊಪ್ಪು ಹಾಕವ್ಳೆ. ಮಂಚೇನಹಳ್ಳಿಗೆ ಬಿಟ್ಟು ಬಾರಪ್ಪ ಇವಳನ್ನ, ಅವರಪ್ಪನೇ ಇಟ್ಕಳ್ಳಿ,” ಎಂದು ಮಗನಿಗೆ ಹೇಳಿದರು.

ನನ್ನ ಗಂಡ ಮಹಾಶೂರ. ತುಟಿ ಬಿಚ್ಚದೆ ನನ್ನ ಸೀರೆಗಂಟನ್ನು ಸೈಕಲ್ಲಿಗೆ ಕಟ್ಟಿದ. ಹಾಗೆ ತವರಿಗೆ ಹೋದವರನ್ನು ಮತ್ತೆ ಕರೆಸಿಕೊಳ್ಳುತ್ತಿರಲಿಲ್ಲ. ಅಂಥವರಿಬ್ಬರು ಮಂಚೇನಹಳ್ಳಿಯಲ್ಲೇ ಅಣ್ಣಂದಿರ ಮನೆಯ ಪಾತ್ರೆ ತಿಕ್ಕಿಕೊಂಡಿದ್ದರು.

ನಾನು ಡೈರಿ ತಂದು ಮಾವನ ಮುಂದಿಟ್ಟೆ. “ಮೂರನೇ ದಿನ ಎಲ್ಲಿದ್ದೆ ಅಂತ ಇದರಲ್ಲಿದೆ ಮಾವ.”

“ಬರೆದೋಳೂ ನೀನೇ, ಓದೋಳೂ ನೀನೇನಾ?” ಎಂದವರು ಸ್ಕೂಲು ಮೇಷ್ಟ್ರನ್ನು ಕರೆಸಿದರು.

ಮೇಷ್ಟ್ರು ಪುಟ ಹುಡುಕಿ, ಕೆಮ್ಮಿ, ತಾರೀಖು ಹೇಳಿ ಓದಿದರು: “ಮೂರನೇ ದಿನ. ಹೊರಗಿದ್ದೀನಿ. ಬೆಳಿಗ್ಗೆಯಿಂದ ಮಳೆ. ಅತ್ತೆ ನೆಂದ ಸೊಪ್ಪನ್ನು ಒರೆಸದೆ ತಟ್ಟೆಗೆ ಹಾಕಿದರು. ಒದ್ದೆ ಸೊಪ್ಪು ತಿಂದರೆ ಹುಳು ಕೊಳೀತವೆ ಅಂತ ಹೇಳಿದೆ. ಬಾಯಿ ಮುಚ್ಚು ಅಂದರು.”

ಅತ್ತೆ ಎದೆ ಬಡಿದುಕೊಂಡರು. “ಕೇಳಿದ್ರಾ ಮೇಷ್ಟ್ರೇ, ಮುಟ್ಟಲ್ಲಿ ಸರಸ್ವತೀನ ಮುಟ್ಟವ್ಳೆ. ಮೂರು ದಿನ ಹೊರಗೆ ಕೂತ್ಕಂಡು ಇದೇನೇ ಮಾಡ್ತಿದ್ದಿದ್ದು ಪಾಪಿ?”

ಮಾವ ಬೀಡಿ ಬಾಯಿಂದ ತೆಗೆದರು. “ಮೂರು ದಿನಾನೂ ಹೊರಗೇ ಇದ್ಲು ಅನ್ನು.”

ಅತ್ತೆ ಬಡಿದುಕೊಳ್ಳುತ್ತಿದ್ದ ಕೈ ಇಳಿಸಿದರು. ಮೇಷ್ಟ್ರಿಗೆ ತಟ್ಟನೆ ಸ್ಕೂಲು ನೆನಪಾಯಿತು. ಗಂಡ ಗಂಟು ಬಿಚ್ಚಿದ, ಕಟ್ಟಿದಾಗ ಇದ್ದಷ್ಟೇ ಮಾತುಗಾರನಾಗಿ. ನನಗೆ ಶಿಕ್ಷೆ ತಪ್ಪಲಿಲ್ಲ. ಸರಸ್ವತಿಯನ್ನು ಮುಟ್ಟಿದ್ದಕ್ಕೆ ತಲೆಯ ಮೇಲೆ ಎರಡು ಬಿಂದಿಗೆ ತಣ್ಣೀರು. ಡೈರಿಗೆ ಅರಿಶಿನದ ನೀರು ಚಿಮುಕಿಸಿ ನನಗೇ ಕೊಟ್ಟರು. ಸರಸ್ವತಿಯನ್ನು ತಿಪ್ಪೆಗೆ ಹಾಕುವ ಧೈರ್ಯ ಅತ್ತೆಗೂ ಇರಲಿಲ್ಲ.

ಮುಂದಿನ ಹುಳು ತಂದಾಗಲೂ ಮಳೆ ಹಿಡಿಯಿತು. ನಾನು ಜಗಲಿಯಲ್ಲಿ ಡೈರಿ ಬಿಚ್ಚಿ ಕೂತಿದ್ದೆ. ಅತ್ತೆ ಹಳೇ ಸೀರೆ ತುಂಡು ಹಿಡಿದು ಒಂದೊಂದೇ ಎಲೆ ಒರೆಸುತ್ತಿದ್ದರು.

“ಏನೇ ಗೀಚ್ತಿದ್ದೀಯ?”

“ಏನಿಲ್ಲ ಅತ್ತೆ.”

“ಏನಿಲ್ಲ ಅಂದ್ರೆ? ನಾನು ಒರೆಸ್ತಿರೋದು ಕಣ್ಣಿಗೆ ಕಾಣಲ್ವಾ? ಬರ್ಕೋ.”

ಬರೆದುಕೊಂಡೆ. ಆ ಸಲ ಗೂಡು ಚೆನ್ನಾಗಿ ಬಂತು. ತನ್ನ ಕೈಗುಣವೇ ಅಂಥದ್ದು ಎಂದು ಅತ್ತೆ ಊರಿಗೆಲ್ಲ ಹೇಳಿಕೊಂಡು ಬಂದರು.