ಕೆಂಪು ಗುಂಡಿಯ ಮೇಲಿನ ಟವೆಲ್

ಸಾಸ್ವೆಹಳ್ಳಿ ಹತ್ತಿರದ ಆ ಪಂಪ್‌ಹೌಸಿನಲ್ಲಿ ಮೋಟಾರು ನೆಲಮಟ್ಟದಲ್ಲಿಲ್ಲ. ಕಬ್ಬಿಣದ ಏಣಿ ಹಿಡಿದು ಹದಿನಾಲ್ಕು ಮೆಟ್ಟಿಲು ಇಳಿಯಬೇಕು. ಮೇಲೆ, ಗೋಡೆಗೆ ಸ್ವಿಚ್ಚಿನ ಪ್ಯಾನೆಲ್; ಅದರ ಪಕ್ಕ, ಮೋಟಾರನ್ನು ದೂರದಿಂದಲೇ ನಡೆಸಲು ನಾನು ಕೂರಿಸಿದ್ದ ಸರ್ವರ್. ಕೆಳಗಿಳಿಯುವ ಮುನ್ನ ಆಪರೇಟರ್ ಮೋಟಾರ್ ನಿಲ್ಲಿಸಿ, ಹೆಗಲ ಮೇಲಿನ ಟವೆಲ್ಲನ್ನು ಪ್ಯಾನೆಲ್ ಮೇಲೆ ಇಳಿಬಿಡುತ್ತಿದ್ದರು. ಟವೆಲ್ ಇದ್ದರೆ ಕೆಳಗೆ ಆಳಿದ್ದಾನೆ ಎಂದರ್ಥ. ಹಾಕಿದವನೇ ಹತ್ತಿ ಬಂದು ತೆಗೆಯಬೇಕು. ಇಂಜಿನಿಯರೇ ಬಂದರೂ ಅದನ್ನು ಮುಟ್ಟುವಂತಿಲ್ಲ. ನಾನು ಕೆಲಸಕ್ಕೆ ಸೇರಿದ ಮೊದಲ ವಾರ ಕಲಿತದ್ದು ಇದನ್ನೇ.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು: ನಾಲ್ಕು ಕಡೆ ಕುಡಿಯುವ ನೀರಿನ ಪಂಪುಗಳು, ಒಂದೊಂದಕ್ಕೂ ಒಂದು ಸರ್ವರ್. ಹೊನ್ನಾಳಿಯದೆಂದರೆ ಈ ಸಾಸ್ವೆಹಳ್ಳಿಯದೇ. ಅವನ್ನು ನೋಡಿಕೊಳ್ಳುವುದು ನನ್ನ ಕೆಲಸ. ಸಣ್ಣದೊಂದು ಬದಲಾವಣೆಗೂ ಬಸ್ ಹತ್ತಬೇಕಿತ್ತು. ಜಗಳೂರಿಗೆ ಹೋಗಿ ಬಂದರೆ ಆ ದಿನ ಮುಗಿದಂತೆ. ಹಾಗಾಗಿ ಚನ್ನಗಿರಿಯ ಆಫೀಸಿನಿಂದಲೇ, ಒಂದೇ ಕಮಾಂಡಿನಲ್ಲಿ, ನಾಲ್ಕೂ ಸರ್ವರ್‌ಗಳಿಗೆ ಕೆಲಸ ಹೇಳುವ ವ್ಯವಸ್ಥೆ ಕಟ್ಟತೊಡಗಿದೆ. ಪಟ್ಟಿಯಲ್ಲಿ ನಾಲ್ಕರ ಹೆಸರನ್ನೂ ಬರೆದೆ. ಕೊನೆಗೆ ಇನ್ನೊಂದು ಸಾಲು ಸೇರಿಸಿದೆ: ಸರ್ವರ್ ನಿಂತು ಮತ್ತೆ ಶುರುವಾದರೆ ಮೋಟಾರೂ ತಾನಾಗಿ ಶುರುವಾಗಬೇಕು. ಜಗಳೂರು ಕಡೆ ಕರೆಂಟ್ ಬಂದ ಮೇಲೂ ಆಪರೇಟರ್ ಬರುವ ತನಕ ಹೆಂಗಸರು ಖಾಲಿ ಕೊಡ ಸಾಲಾಗಿಟ್ಟು ಕಾಯುತ್ತಿದ್ದುದನ್ನು ನೋಡಿದ್ದೆ. ಆ ಸಾಲು ಬರೆದಾಗ ಏನೋ ಒಳ್ಳೆಯದು ಮಾಡಿದೆ ಅನ್ನಿಸಿತ್ತು.

ಆ ದಿನ ಬೆಳಿಗ್ಗೆ ನಾನು ಸಾಸ್ವೆಹಳ್ಳಿಯಲ್ಲಿದ್ದೆ. ಚನ್ನಗಿರಿಯಲ್ಲಿ ನನ್ನ ಸಹೋದ್ಯೋಗಿ ಕೂತಿದ್ದರು. ಕೆಳಗೆ ಪಂಪಿನ ತಿರುಗುವ ದಂಡದ ಬಳಿ ನೀರು ಸೋರುತ್ತಿತ್ತು. ಸೋರದಂತೆ ಅಲ್ಲಿ ಸುತ್ತಿದ್ದ ದಾರ ಬದಲಾಯಿಸಲು ಆಪರೇಟರ್ ಎದ್ದರು. ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ಅವರು ಮೇನ್ ಸ್ವಿಚ್ಚಿಗೆ ಕೈ ಹಾಕಿದಾಗ ನಾನೇ ತಡೆದೆ.

"ಮೇನ್ ತೆಗೀಬ್ಯಾಡ್ರಿ ಅಣ್ಣಾ, ಸರ್ವರ್ ಬಂದ್ ಆಗ್ತೈತೆ. ಅರ್ಧ ಕೆಲಸದಾಗೆ ಇದೀನಿ."

"ನಿಮ್ ಪೆಟ್ಟಿಗೆ ಹೊಸಾ ಅಳಿಯ ಇದ್ದಂಗೈತೆ ಬಿಡ್ರಿ ಮೇಡಂ, ಯಾತಕ್ಕಂದ್ರೆ ಅದಕ್ಕೆ ಮುನಿಸ್ಕಂತೈತೆ," ಎಂದು ನಕ್ಕು, ಕೆಂಪು ಗುಂಡಿ ಒತ್ತಿ ಮೋಟಾರ್ ನಿಲ್ಲಿಸಿದರು. ಟವೆಲ್ ಹಾಕಿದರು. ಇಳಿದರು.

ಸ್ವಲ್ಪ ಹೊತ್ತಿಗೆ ಸಹೋದ್ಯೋಗಿಯ ಫೋನ್. "ಜಗಳೂರಿಂದು ಏನೂ ಉತ್ತರ ಬರ್ತಿಲ್ರೀ. ಒಂದ್ಸಲ ರೀಸ್ಟಾರ್ಟ್ ಕೊಟ್ಟು ನೋಡ್ಲಾ?"

"ಕೊಡ್ರಿ," ಎಂದೆ.

ಜಗಳೂರಿಗೆ ಮಾತ್ರ ಎಂದು ಹೇಳಲಿಲ್ಲ. ಕಮಾಂಡಿನಲ್ಲಿ ಊರಿನ ಹೆಸರು ಹಾಕದಿದ್ದರೆ ಅದು ಪಟ್ಟಿಯಲ್ಲಿರುವ ನಾಲ್ಕಕ್ಕೂ ಹೋಗುತ್ತಿತ್ತು. ಹಾಗೆ ಮಾಡಿಟ್ಟವಳು ನಾನು. ಸಹೋದ್ಯೋಗಿಗೆ ಅದು ಗೊತ್ತಿರಲಿಲ್ಲ; ಊರಿನ ಹೆಸರಿಲ್ಲದೆಯೇ ಕಮಾಂಡ್ ಕೊಟ್ಟರು.

ನನ್ನೆದುರಿನ ಸರ್ವರಿನ ದೀಪ ಆರಿತು. ವೈರ್ ಸಡಿಲವಾಯಿತೇನೋ ಎಂದು ಬಗ್ಗಿ ನೋಡುತ್ತಿದ್ದೆ. ದೀಪ ಮತ್ತೆ ಹತ್ತಿತು. ಪ್ಯಾನೆಲ್ಲಿನೊಳಗೆ ಟಕ್ ಎಂದಿತು. ಕೆಳಗೆ ಮೋಟಾರಿನ ಸದ್ದು ಏರಿತು, ಅದರೊಳಗಿಂದಲೇ ಒಂದು ಕೂಗು.

ಕೆಂಪು ಗುಂಡಿ ನನ್ನಿಂದ ಒಂದು ಮೊಳ ದೂರ, ಟವೆಲ್ಲಿನ ಹಿಂದೆ. ಕೈ ಚಾಚಿದೆ. ಟವೆಲ್ಲಿನ ಹತ್ತಿರ ಹೋಗಿ ಕೈ ನಿಂತುಬಿಟ್ಟಿತು. ಮುಟ್ಟಬಾರದು ಎಂಬುದೊಂದೇ ಆಗ ತಲೆಯಲ್ಲಿ ಇದ್ದದ್ದು. ಎರಡು ಕ್ಷಣವೋ, ಮೂರೋ. ಆಮೇಲೆ ಟವೆಲ್ ಕಿತ್ತೆಸೆದು ಗುಂಡಿ ಒತ್ತಿದೆ.

ಬೋಲ್ಟು ಬಿಚ್ಚುತ್ತಿದ್ದ ಪಾನಾ ದಂಡದ ಜೊತೆ ತಿರುಗಿ ಅವರ ಬಲಗೈಯನ್ನು ಕಬ್ಬಿಣಕ್ಕೆ ಅಮುಕಿತ್ತು. ಎಡಗೈಯಲ್ಲೇ ಏಣಿ ಹಿಡಿದು ಹತ್ತಿ ಬಂದರು. ಅದೇ ಟವೆಲ್ಲನ್ನು ಕೈಗೆ ಸುತ್ತಿದೆ. ಆಸ್ಪತ್ರೆಗೆ ಹೋಗುವಾಗ ಜೀಪಿನಲ್ಲಿ ಅವರು ಕೇಳಿದ್ದು ಒಂದೇ ಮಾತು: "ಮೋಟಾರ್ ನಿಂತೈತೇನ್ರಿ?"

ಎರಡು ಬೆರಳು ಹೋದವು. ಮೊದಲ ಸುತ್ತಿಗೇ ಹೋದವೋ, ನನ್ನ ಕೈ ನಿಂತಿದ್ದ ಆ ಹೊತ್ತಿನಲ್ಲೋ, ಡಾಕ್ಟರನ್ನು ನಾನು ಕೇಳಲಿಲ್ಲ. ವಿಚಾರಣೆಯಲ್ಲಿ ಪಟ್ಟಿಯ ವಿಷಯ, ಆ ಸಾಲಿನ ವಿಷಯ, ಮೇನ್ ತೆಗೆಯಬೇಡಿ ಎಂದದ್ದು, ಎಲ್ಲವನ್ನೂ ಬರೆದುಕೊಟ್ಟೆ. ಟವೆಲ್ಲಿನ ಮುಂದೆ ನಿಂತದ್ದನ್ನು ಬರೆಯಲಿಲ್ಲ. ಈಗಲೂ ಮನೆಯಲ್ಲಿ ಮಿಕ್ಸಿ ತಿರುಗಿದರೆ ನನ್ನ ಬಲಗೈ ತಾನಾಗಿ ಮೇಲೇಳುತ್ತದೆ.

ಆ ಸಾಲನ್ನು ಅಳಿಸಿದೆ. ಜಗಳೂರು ಕಡೆ ಕೊಡಗಳು ಮತ್ತೆ ಕಾಯುತ್ತಿವೆ. ನಾಲ್ಕೂ ಕಡೆ ಪ್ಯಾನೆಲ್ಲಿಗೆ ಒಂದು ಕೀಲಿ ಹಾಕಿಸಿದೆವು. ಕೀಲಿ ತಿರುಗಿಸಿ ತೆಗೆದುಕೊಂಡರೆ ಚನ್ನಗಿರಿಯಿಂದ ಬಂದ ಯಾವ ಕಮಾಂಡೂ ಮೋಟಾರನ್ನು ಮುಟ್ಟದು.

ಐದು ತಿಂಗಳ ಮೇಲೆ ಅವರು ಕೆಲಸಕ್ಕೆ ಮರಳಿದರು. ಮೊದಲ ದಿನ ನಾನೂ ಹೋದೆ. ಅವರು ಮೇನ್ ತೆಗೆದರು. ಎಡಗೈಯಲ್ಲಿ ಕೀಲಿ ತಿರುಗಿಸಿ ಜೇಬಿಗೆ ಹಾಕಿಕೊಂಡರು. ಆಮೇಲೆ ಹೆಗಲ ಮೇಲಿದ್ದ ಹೊಸ ಟವೆಲ್ಲನ್ನು ತೆಗೆದು ಪ್ಯಾನೆಲ್ ಮೇಲೆ ಹರಡಿದರು.

"ಕೀಲಿ ಐತಲ್ಲಣ್ಣಾ, ಟವೆಲ್ ಯಾಕ್ರಿ ಈಗ?"

"ಕೀಲಿ ನಿಮ್ ಪೆಟ್ಟಿಗಿಗೆ. ಟವೆಲ್ಲು ಮನುಷ್ಯರಿಗೆ." ಏಣಿಯ ಮೇಲೆ ಒಂದು ಕಾಲಿಟ್ಟು ನಿಂತರು. "ಮೇಡಂ, ಈ ಸರ್ತಿ ಏನಾರ ತಿರುಗಿದ್ರೆ ಟವೆಲ್ ಕೀಳಾಕೆ ಹಿಂದೆಮುಂದೆ ನೋಡಬ್ಯಾಡ್ರಿ. ನಾನೇ ಹೇಳೇನಿ."

ಅವರಿಗೆ ಗೊತ್ತಿತ್ತು.

ಅವರು ಇಳಿದರು. ನಾನು ಟವೆಲ್ಲಿನ ಕೆಳಗೆ ಕೈ ತೂರಿಸಿ, ಗುಂಡಿಯ ಮೇಲೆ ಬೆರಳಿಟ್ಟು, ಅವರು ಹದಿನಾಲ್ಕೂ ಮೆಟ್ಟಿಲು ಹತ್ತಿ ಬರುವವರೆಗೆ ಹಾಗೇ ನಿಂತಿದ್ದೆ.