ನೋವಿಲ್ಲವಂತೆ

ಮೊಣಕಾಲು ನೋಯುತ್ತಿದೆ ಎಂದು ನಚಿಕೇತ ನನಗೆ ಹೇಳಿದ್ದ. ನಾನು ಅವನ ಕೋಚ್ ಕಡೆ ತಿರುಗಿ, ನೋವಿಲ್ಲವಂತೆ ಎಂದೆ. ಅದರಿಂದ ಒಬ್ಬನ ಆಟ ಮುಗಿಯಿತು, ಇನ್ನೊಬ್ಬರ ಕೆಲಸ ಹೋಯಿತು. ಇಷ್ಟು ವರ್ಷ ಅವರಿಬ್ಬರೂ ಒಬ್ಬರನ್ನೊಬ್ಬರು ಸುಳ್ಳುಗಾರರೆಂದು ತಿಳಿದು ಬದುಕಿದರು — ಸುಳ್ಳು ಹೇಳಿದವಳು ನಾನು.

ಭಾಷೆ ಸರಿಯಾಗಿ ಬರದೆ ಆದ ಎಡವಟ್ಟು ಇದಲ್ಲ. ನನ್ನ ರಷ್ಯನ್ ಆಗಲೂ ಚೆನ್ನಾಗಿತ್ತು, ಈಗಲೂ ಚೆನ್ನಾಗಿದೆ. ಧಾರವಾಡದಿಂದ ಪೆಟ್ರೋಲಿಯಂ ಎಂಜಿನಿಯರಿಂಗ್ ಓದಲು ರಷ್ಯಾಕ್ಕೆ ಹೋದವಳು ನಾನು. ಅಲ್ಲೇ ಕೆಲವು ವರ್ಷ ಕೆಲಸವನ್ನೂ ಮಾಡಿದೆ. ಆ ಭಾಷೆಯಲ್ಲಿ ಜಗಳ ಆಡಬಲ್ಲೆ, ಕನಸು ಕಾಣಬಲ್ಲೆ. ಅಮೆರಿಕದ ಹೂಸ್ಟನ್ನಿಗೆ ಬಂದು, ಅದರ ಹೊರವಲಯದ ದ ವುಡ್‌ಲ್ಯಾಂಡ್ಸ್‌ನಲ್ಲಿ ಮನೆ ಮಾಡಿದ ಮೇಲೆ ಆ ಭಾಷೆಗೆ ಕೆಲಸವಿರಲಿಲ್ಲ. ಆಗ ನಮ್ಮ ಆಫೀಸಿನ ಒಬ್ಬರು ಕೇಳಿದರು — ಇಲ್ಲೊಂದು ಸಣ್ಣ ಫುಟ್‌ಬಾಲ್ ಕ್ಲಬ್ ಇದೆ, ರಷ್ಯಾದಿಂದ ಬಂದ ಮ್ಯಾನೇಜರ್‌ಗೆ, ಅಂದರೆ ಕೋಚ್‌ಗೆ, ಇಂಗ್ಲಿಷ್ ಬರುವುದಿಲ್ಲ, ಸ್ವಲ್ಪ ಸಹಾಯ ಮಾಡುತ್ತೀರಾ ಎಂದು.

ಹೀಗೆ ನನಗೆ ಆರ್ಕಾದಿ ಪಾವ್ಲೊವಿಚ್ ಪರಿಚಯವಾದರು. ರಷ್ಯನ್ನರು ಹಿರಿಯರನ್ನು ಕರೆಯುವಾಗ ಹೆಸರಿನ ಜೊತೆ ತಂದೆಯ ಹೆಸರನ್ನೂ ಸೇರಿಸುತ್ತಾರೆ. ನಾನೂ ಹಾಗೆಯೇ ಕರೆಯುತ್ತಿದ್ದೆ. ವೋಲ್ಗಾ ನದಿಯ ದಂಡೆಯ ಒಂದು ಕಾರ್ಖಾನೆ ಊರಿನವರು. ಮೈದಾನದ ನಟ್ಟನಡುವೆ ಆಡುವ ಮಿಡ್‌ಫೀಲ್ಡರ್ ಆಗಿ ಬೆಳೆದು, ದೇಶದ ಮೇಲಿನ ದರ್ಜೆಯ ಲೀಗ್ ತನಕ ಹೋದವರು. ಗೋಲು ಹೊಡೆದವನ ಫೋಟೋ ಪೇಪರಿನಲ್ಲಿ ಬರುತ್ತದೆ, ಚೆಂಡನ್ನು ಅವನ ಕಾಲಿಗೆ ತಲುಪಿಸಿದವನನ್ನು ಅವನ ಹೆಂಡತಿಯೂ ನೆನಪಿಟ್ಟುಕೊಳ್ಳುವುದಿಲ್ಲ ಎಂದು ನಗುತ್ತಿದ್ದರು. ಒಂದು ದೊಡ್ಡ ಪಂದ್ಯದ ಮುಂಚೆ ಅವರ ಮೊಣಕಾಲು ಊದಿಕೊಂಡಿತ್ತಂತೆ. ತಡೆದುಕೊಳ್ಳುತ್ತೀಯಾ ಎಂದು ಮ್ಯಾನೇಜರ್ ಕೇಳಿದರಂತೆ, ಇವರು ತಡೆದುಕೊಳ್ಳುತ್ತೇನೆ ಎಂದು ಇಂಜೆಕ್ಷನ್ ಚುಚ್ಚಿಸಿಕೊಂಡು ಇಳಿದರಂತೆ. ಮತ್ತೆ ಆಡಲಿಲ್ಲ.

ಆಮೇಲೆ ಮ್ಯಾನೇಜರ್ ಆದರು. ಶಾಲಾ ಹುಡುಗರ ತಂಡ, ಅದಾದ ಮೇಲೆ ಎರಡನೇ ದರ್ಜೆಯ ಬಡ ಕ್ಲಬ್ಬುಗಳು. ಒಂದನ್ನು ಮೇಲಿನ ದರ್ಜೆಗೆ ಏರಿಸಿದರು, ಮರುವರ್ಷವೇ ಅಲ್ಲಿಂದ ಹೊರಬಿದ್ದರು. ಹೆಂಡತಿ ತೀರಿಕೊಂಡ ಮೇಲೆ ಮಗಳ ಹತ್ತಿರ ಟೆಕ್ಸಸ್‌ಗೆ ಬಂದರು. ಆಟಗಾರರೆಲ್ಲ ವಾರವಿಡೀ ಬೇರೆ ಕೆಲಸ ಮಾಡಿ ಸಂಜೆ ಅಭ್ಯಾಸಕ್ಕೆ ಬರುವ ಈ ಕ್ಲಬ್ ಅವರಿಗೆ ಸಿಕ್ಕಿತು. ಅವರಿಗೆ ನಾನು ಸಿಕ್ಕೆ.

ಆ ಕೆಲಸ ನಾನು ಚೆನ್ನಾಗಿ ಮಾಡಿದೆ. ವಿನಯಕ್ಕಾಗಿ ಬೇರೆ ಮಾತು ಹೇಳಲಾರೆ. ಅವರ ಮಾತು ಒರಟು, ಚಿಕ್ಕದು. ಅದನ್ನು ನಾನು ಮೆದು ಮಾಡಿ, ಉದ್ದ ಮಾಡಿ ಇಂಗ್ಲಿಷಿಗೆ ತರುತ್ತಿದ್ದೆ. “ಹಿಂದೆ ಓಡಿ ಬನ್ನಿ, ಸೋಮಾರಿಗಳಾ” ಎಂದು ಅವರು ಅಂದರೆ, ಪಕ್ಕದವನಿಗಾಗಿ ಓಡಿ, ಅವನು ನಿಮಗಾಗಿ ಓಡುತ್ತಾನೆ ಎಂದು ನಾನು ಹೇಳುತ್ತಿದ್ದೆ. ಹುಡುಗರ ಮುಖ ಅರಳುತ್ತಿತ್ತು. ತಂಡ ಗೆಲ್ಲತೊಡಗಿತು. ಆರ್ಕಾದಿ ಪಾವ್ಲೊವಿಚ್‌ಗೆ ಇದೇನೂ ಗೊತ್ತಾಗುತ್ತಿರಲಿಲ್ಲ. ನನಗೆ ಗೊತ್ತಾಗುತ್ತಿತ್ತು — ಗೆಲುವಿನಲ್ಲಿ ನನ್ನ ಪಾಲೂ ಇದೆ ಎಂದು. ಮೊದಲು ಪಾಲು ಅನಿಸಿತು, ಆಮೇಲಾಮೇಲೆ...

ನನ್ನ ಗಂಡ ಶಿವಾನಂದ ಒಮ್ಮೆ ಅಭ್ಯಾಸ ನೋಡಲು ಬಂದವನು ಕಾರಿನಲ್ಲಿ ಕೇಳಿದ, “ಅವರು ಎರಡು ಮಾತು ಅಂದ್ರ ನೀ ಹತ್ತು ಹೇಳ್ತಿ. ಉಳಿದ ಎಂಟು ಯಾರವು?”

“ಎಲ್ಲಾ ಒಂದ ಬಿಡ್ರಿ,” ಎಂದೆ. ನಾನು ನಿಜಕ್ಕೂ ಹಾಗೆಯೇ ನಂಬಿದ್ದೆ.

ನಚಿಕೇತ ಆ ತಂಡದ ಮಿಡ್‌ಫೀಲ್ಡರ್. ಅವನ ತಾಯಿ ಸುಧಾ ಮೈಸೂರಿನವಳು, ನನ್ನ ಗೆಳತಿ. ಗಂಡನೊಡನೆ ಡಲ್ಲಾಸ್ ಹತ್ತಿರದ ಲೂಯಿಸ್‌ವಿಲ್‌ನಲ್ಲಿದ್ದಳು. ನಚಿಕೇತ ಹೂಸ್ಟನ್ನಿನಲ್ಲಿ ಕೆಲಸಕ್ಕಿದ್ದ. ಇಲ್ಲೇ ಹುಟ್ಟಿ ಬೆಳೆದ ಹುಡುಗ. ಕನ್ನಡದಲ್ಲಿ ಏನೇ ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರಿಸುವವನು. ಆರ್ಕಾದಿ ಪಾವ್ಲೊವಿಚ್ ಅವನ ಬಗ್ಗೆ, “ನನ್ನದೇ ಕಾಲನ್ನು ಅವನಿಗೆ ಕೊಟ್ಟ ಹಾಗಿದೆ, ನೋಡು, ಚೆಂಡು ಬರುವ ಮೊದಲೇ ತಲೆ ಎತ್ತಿ ನೋಡುತ್ತಾನೆ,” ಎನ್ನುತ್ತಿದ್ದರು. ಅದನ್ನು ಮಾತ್ರ ನಾನು ಅಕ್ಷರಶಃ ಅನುವಾದಿಸಿದ್ದೆ.

ಡಲ್ಲಾಸ್‌ನಲ್ಲಿ ಶನಿವಾರ ಸೆಮಿಫೈನಲ್ ಇತ್ತು. ನಚಿಕೇತನನ್ನು ತಮ್ಮ ತಂಡಕ್ಕೆ ತೆಗೆದುಕೊಳ್ಳಬಹುದೇ ಎಂದು ನೋಡಲು ಅಲ್ಲಿನ ದೊಡ್ಡ ಕ್ಲಬ್ಬೊಂದರವರು ಬರುವವರಿದ್ದರು. ಅದಕ್ಕೆ ಎರಡು ದಿನ ಮುಂಚೆ ಅಭ್ಯಾಸದಲ್ಲಿ ಅವನು ಬಲಗಾಲನ್ನು ಕಾಪಾಡಿಕೊಂಡು ಓಡುತ್ತಿದ್ದುದನ್ನು ಆರ್ಕಾದಿ ಪಾವ್ಲೊವಿಚ್ ಕಂಡರು. ಅವನನ್ನು ಗೆರೆಯ ಹೊರಗೆ ಕರೆದರು. ಅವತ್ತು ಅವರು ರಷ್ಯನ್ನಿನಲ್ಲಿ ಹೇಳಿದ್ದನ್ನು ಈಗ ಮೊದಲ ಸಲ ಸರಿಯಾಗಿ ಅನುವಾದಿಸುತ್ತಿದ್ದೇನೆ.

“ಮೊಣಕಾಲು ನೋಯ್ತಿದೆಯಾ ಕೇಳು. ನೋವಿದ್ದರೆ ಶನಿವಾರ ಆಡೋದು ಬೇಡ. ಡಲ್ಲಾಸ್‌ನವರ ಹತ್ತಿರ ನಾನೇ ಮಾತಾಡ್ತೀನಿ, ಇನ್ನೊಂದು ದಿನ ಬಂದು ನೋಡ್ತಾರೆ. ಅವನ ಜಾಗ ಎಲ್ಲೂ ಹೋಗಲ್ಲ ಅಂತ ಹೇಳು.”

ನಾನು ಇಂಗ್ಲಿಷಿನಲ್ಲಿ ಕೇಳಿದ್ದು ಇಷ್ಟೇ — ಶನಿವಾರಕ್ಕೆ ರೆಡಿಯಾ ಎಂದು ಕೋಚ್ ಕೇಳುತ್ತಿದ್ದಾರೆ.

ಉಳಿದ ಆಟಗಾರರು ಹತ್ತಿರದಲ್ಲೇ ನೀರು ಕುಡಿಯುತ್ತಿದ್ದರು. ಅವರಿಗೆ ತಿಳಿಯಬಾರದೆಂದು ನಚಿಕೇತ ತನಗೆ ಒಗ್ಗದ ಕನ್ನಡದಲ್ಲಿ, ತಡವರಿಸುತ್ತ ಹೇಳಿದ, “ತಿರುಗಿದ್ರೆ ನೋಯತ್ತೆ ಆಂಟಿ. ಕೋಚ್‌ಗೆ ಹೇಳಿ. ಅವ್ರು ಆಡು ಅಂದ್ರೆ ಆಡ್ತೀನಿ.”

ನಾನು ಆರ್ಕಾದಿ ಪಾವ್ಲೊವಿಚ್ ಕಡೆ ತಿರುಗಿದೆ. “ನೋವಿಲ್ಲವಂತೆ. ಆಡ್ತಾನಂತೆ,” ಎಂದೆ.

ಅವರು ನನ್ನ ಮುಖವನ್ನಲ್ಲ, ಅವನ ಮುಖವನ್ನು ನೋಡಿದರು. ನಾನು ನೋವಿನ ಮಾತು ತಿಳಿಸಿದೆನೆಂದುಕೊಂಡು ಅವನು ಹೌದೆಂದು ತಲೆಯಾಡಿಸಿದ. ಕೋಚ್ ಏನಂದರು ಎಂದು ಅವನು ಕೇಳಿದಾಗ — ಅದನ್ನೂ ಹೇಳಿಬಿಡುತ್ತೇನೆ — ನೀನು ಬೇಕೇ ಬೇಕಂತೆ, ಎಂದೆ.

ಯಾಕೆ ಹೀಗೆ ಮಾಡಿದೆ? ಆ ಕ್ಷಣ ನನಗೆ ಗೊಂದಲವಿತ್ತು ಎಂದರೆ ಅದು ಇನ್ನೊಂದು ಸುಳ್ಳು. ಅವನಿಲ್ಲದೆ ಸೋಲುತ್ತೇವೆ ಎಂದು ನನಗೆ ಗೊತ್ತಿತ್ತು. ಇದು ಪಂದ್ಯದ ಮುಂಚಿನ ಅಳುಕು, ದೊಡ್ಡ ನೋವೇನಲ್ಲ ಎಂದು ತೀರ್ಮಾನಿಸಿದೆ. ಮುದುಕ ತನ್ನ ಹಳೆಯ ಕಾಲಿನ ಭಯವನ್ನು ಈ ಹುಡುಗನ ಮೇಲೆ ಹೇರುತ್ತಿದ್ದಾನೆ ಎಂದು ತೀರ್ಮಾನಿಸಿದೆ. ತೀರ್ಮಾನಿಸುವುದು ನನ್ನ ಕೆಲಸವಾಗಿರಲಿಲ್ಲ. ಆದರೆ ಆ ಹೊತ್ತಿಗೆ ನಾನು ಎಲ್ಲಿದ್ದೆ ಎಂದರೆ — ತಂಡದ ಮ್ಯಾನೇಜರ್ ನಾನೇ ಎಂಬಲ್ಲಿದ್ದೆ.

ಡಲ್ಲಾಸ್‌ನಲ್ಲಿ ಕೃತಕ ಹುಲ್ಲಿನ ಮೈದಾನ ಬಿಸಿಲಿಗೆ ಕಾವಲಿಯಂತೆ ಕಾದಿತ್ತು. ಮೊದಲರ್ಧ ನಚಿಕೇತ ಎಷ್ಟು ಚೆಂದ ಆಡಿದನೆಂದರೆ, ನಾನು ಮಾಡಿದ್ದೇ ಸರಿ ಎಂದುಕೊಂಡು ಬೆಂಚಿನಲ್ಲಿ ಕುಳಿತಿದ್ದೆ. ವಿರಾಮದ ನಂತರ ಮೈದಾನದ ಮಧ್ಯೆ ಚೆಂಡು ಪಡೆದು ಬಲಕ್ಕೆ ತಿರುಗಿದ. ಯಾರೂ ಅವನನ್ನು ಮುಟ್ಟಿರಲಿಲ್ಲ. ಸುಮ್ಮನೆ ಕುಳಿತುಬಿಟ್ಟ. ಸುಧಾ ಪ್ರೇಕ್ಷಕರ ಸಾಲಿನಿಂದ ಚಪ್ಪಲಿ ಬಿಟ್ಟು ಇಳಿದು ಬಂದಳು. ಆರ್ಕಾದಿ ಪಾವ್ಲೊವಿಚ್ ಅವನ ಕಾಲಿನ ಪಕ್ಕ ಮಂಡಿಯೂರಿ ಕುಳಿತವರು, ಮುಟ್ಟಿ ನೋಡುವ ಮುಂಚೆಯೇ ಮುಖ ತಿರುಗಿಸಿಕೊಂಡರು. ಅವರಿಗೆ ಅರ್ಥವಾಗಿತ್ತು.

ಆ ಪಂದ್ಯ ನಾವು ಗೆದ್ದೆವು.

ಆಸ್ಪತ್ರೆಯಲ್ಲಿ ನಾನು ಸುಧಾಳ ಜೊತೆ ಇಡೀ ದಿನ ಇದ್ದೆ. ಕಾಫಿ ತಂದುಕೊಟ್ಟೆ. ನೋವಿದೆ ಎಂದು ಹೇಳಿದರೂ ಕೋಚ್ ಆಡಿಸಿದರು ಎಂದು ನಚಿಕೇತ ಕ್ಲಬ್ಬಿನವರಿಗೆ ಹೇಳಿದ. ಅವನ ಪಾಲಿಗೆ ಅದು ನಿಜವೇ ಆಗಿತ್ತು. ಕ್ಲಬ್ಬಿನ ಮೂವರು ಮಾಲೀಕರು ಆರ್ಕಾದಿ ಪಾವ್ಲೊವಿಚ್‌ರನ್ನು ಕರೆಸಿದರು. ಮಾತು ದಾಟಿಸಲು ನಡುವೆ ನಾನೇ ಕುಳಿತೆ.

ಅವನಿಗೆ ನೋವಿದೆ ಎಂದು ನಿಮಗೆ ಗೊತ್ತಿತ್ತೇ ಎಂದು ಮಾಲೀಕರಲ್ಲಿ ಒಬ್ಬರು ಕೇಳಿದರು. ನಾನು ಅದನ್ನು, ಇದು ಹೇಗಾಯಿತು ಎಂದು ಕೇಳುತ್ತಿದ್ದಾರೆ ಎಂದು ದಾಟಿಸಿದೆ. ಅವರು ನಿಧಾನವಾಗಿ ಉತ್ತರಿಸಿದರು, “ನಾನು ಕೇಳಿದೆ. ನೋವಿಲ್ಲ ಅಂದ. ಒಂದು ಮಾತು ಹೇಳಿದ್ದರೆ ಇಳಿಸ್ತಿರಲಿಲ್ಲ. ಇವಳನ್ನೇ ಕೇಳಿ, ಪಕ್ಕದಲ್ಲೇ ನಿಂತಿದ್ದಳು.”

ಮೂವರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು. ನಾನು ಇಂಗ್ಲಿಷಿನಲ್ಲಿ ಹೇಳಿದೆ: ಆಡಿಸುವ ನಿರ್ಧಾರ ತಮ್ಮದು, ಹೊಣೆಯೂ ತಮ್ಮದೇ ಎನ್ನುತ್ತಿದ್ದಾರೆ.

ಮೊದಲ ಸುಳ್ಳನ್ನು ಗೆಲ್ಲುವ ಹುರುಪಿನಲ್ಲಿ ಮಾಡಿದೆ ಎನ್ನಬಹುದೇನೋ. ಇದನ್ನು ತಣ್ಣಗೆ ಕುಳಿತು ಮಾಡಿದೆ. ಒಳ್ಳೆಯ ವಾಕ್ಯ ಅದು. ಕೇಳಿದವರಿಗೆ ಆತನ ಮೇಲೆ ಗೌರವ ಹುಟ್ಟಿತು. ಗೌರವದಿಂದಲೇ ಕೆಲಸದಿಂದ ತೆಗೆದರು.

ಹೊರಗೆ ಬಂದ ಮೇಲೆ, ಮಾಲೀಕರು ಏನಂದರೆಂದು ಆರ್ಕಾದಿ ಪಾವ್ಲೊವಿಚ್ ಕೇಳಿದರು. ಇಂಗ್ಲಿಷ್ ಬರುವವರು ಬೇಕಂತೆ ಎಂದೆ. ಅವರು ತಲೆದೂಗಿದರು. “ಅದು ನ್ಯಾಯವೇ,” ಎಂದರು. ಆಮೇಲೆ ನನ್ನ ಭುಜ ತಟ್ಟಿ, “ನೀನಿಲ್ಲದಿದ್ದರೆ ಇಷ್ಟು ದಿನವೂ ಇರ್ತಿರಲಿಲ್ಲ ನಾನು,” ಎಂದರು.

ಮಗಳ ಕುಟುಂಬ ಆಸ್ಟಿನ್‌ಗೆ ಶಿಫ್ಟ್ ಆದಾಗ ಅವರೂ ಹೋದರು. ಗಾಯಗೊಂಡವರನ್ನು ಮೈದಾನಕ್ಕಿಳಿಸುವ ಕೋಚ್ ಎಂಬ ಸುದ್ದಿ ಅವರಿಗಿಂತ ಮೊದಲೇ ಅಲ್ಲಿಗೆ ಹೋಗಿತ್ತು. ಯಾವ ಕ್ಲಬ್ಬೂ ಕರೆಯಲಿಲ್ಲ. ಭಾನುವಾರ ಪಾರ್ಕಿನಲ್ಲಿ ಚಿಕ್ಕ ಮಕ್ಕಳಿಗೆ ಚೆಂಡು ನಿಲ್ಲಿಸುವುದನ್ನು ಕಲಿಸುತ್ತಿದ್ದರು. ನಚಿಕೇತನಿಗೆ ಎರಡು ಸಲ ಆಪರೇಷನ್ ಆಯಿತು. ಡಲ್ಲಾಸ್‌ನವರು ಮತ್ತೆ ಬರಲಿಲ್ಲ. ಅವನು ಲೂಯಿಸ್‌ವಿಲ್‌ಗೆ ತಂದೆತಾಯಿಯ ಹತ್ತಿರ ಹಿಂತಿರುಗಿ, ಹತ್ತಿರದ ಲಾಸ್ ಕೊಲಿನಾಸ್‌ನಲ್ಲಿ ಆಫೀಸು ಕೆಲಸ ಹಿಡಿದ. ನಾನು? ನನ್ನ ಕೆಲಸದಲ್ಲಿ ಮೇಲೆ ಬಂದೆ, ನೆಮ್ಮದಿಯಿಂದ ನಿದ್ದೆ ಮಾಡಿದೆ. ಪ್ರತಿದಿನ ಕೊರಗಿದೆ ಎಂದು ಬರೆದರೆ ನಿಮಗೆ ಸಮಾಧಾನವಾಗಬಹುದು, ಅದು ನಡೆಯಲಿಲ್ಲ.

ಈ ವರ್ಷ ಸುಧಾಳ ಮನೆಯಲ್ಲಿ ಮಧ್ಯಾಹ್ನದ ಊಟಕ್ಕೆ ಕುಳಿತಿದ್ದೆವು. ಅಲ್ಲಿನ ಕನ್ನಡದ ಮಕ್ಕಳಿಗೆ ಫುಟ್‌ಬಾಲ್ ಕಲಿಸುತ್ತೀಯಾ ಎಂದು ಯಾರೋ ನಚಿಕೇತನನ್ನು ಕೇಳಿದ್ದರಂತೆ, ಅವನು ಒಲ್ಲೆ ಎಂದನಂತೆ. ಕೋಚ್ ಎನ್ನುವವರ ಮೇಲೆ ತನಗೆ ನಂಬಿಕೆ ಇಲ್ಲ, ತಾನೂ ಒಬ್ಬ ಕೋಚ್ ಆಗುವುದಿಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿ ತಟ್ಟೆ ನೋಡುತ್ತ ಕುಳಿತ.

ಸುಧಾ ನನಗೆ ಅನ್ನ ಬಡಿಸುತ್ತ, “ಆ ರಷ್ಯದವನಿಗೆ ಇವನು ನೋವು ಅಂತ ಹೇಳಿದ್ದಕ್ಕೆ ನೀವೇ ಸಾಕ್ಷಿ ಅಲ್ವಾ ವಿನುತಾ,” ಎಂದಳು.

ಸಾಕ್ಷಿ. ಆ ಮಾತಿಗೆ ಹೂಂ ಎಂದಿದ್ದರೆ ಸಾಕಿತ್ತು, ಊಟ ಮುಂದುವರಿಯುತ್ತಿತ್ತು. ಅವತ್ತು ಆರ್ಕಾದಿ ಪಾವ್ಲೊವಿಚ್ ಕೂಡ ನನ್ನನ್ನೇ ಸಾಕ್ಷಿಗೆ ಕರೆದಿದ್ದರು.

“ಅವರಿಗೆ ಹೇಳ್ಲಿಲ್ಲ ಅವನು. ನನಗೆ ಹೇಳಿದ್ದ,” ಎಂದೆ. “ನಾನು ಅವರಿಗೆ ನೋವಿಲ್ಲವಂತೆ ಅಂದೆ. ನೋವಿದ್ದರೆ ಆಡೋದು ಬೇಡ ಅಂತಲೇ ಅವರು ಹೇಳಿದ್ರು, ಅದನ್ನೂ ಮುಚ್ಚಿಟ್ಟೆ.”

ಸುಧಾ ಬಡಿಸುವ ಪಾತ್ರೆಯನ್ನು ಹಿಡಿದೇ ನಿಂತಳು. ನಚಿಕೇತ ತಲೆ ಎತ್ತಿ ನನ್ನನ್ನೇ ನೋಡಿದ. ಸಿಟ್ಟು ಬರುತ್ತದೆಂದು ಕಾದೆ. ಅವನು ಮೆಲ್ಲಗೆ ಹೇಳಿದ್ದು, “ಐ ಟೋಲ್ಡ್ ಯೂ, ಆಂಟಿ. ಕನ್ನಡದಲ್ಲಿ ಹೇಳಿದ್ದೆ.”

ಅಷ್ಟೇ ಹೇಳಿ ಎದ್ದುಹೋದ. ನಾನು ಕೈ ತೊಳೆದು ಹೊರಬಂದೆ. ಯಾರೂ ಬಾಗಿಲ ತನಕ ಬರಲಿಲ್ಲ.

ಅಲ್ಲಿಂದ ಮನೆಗೆ ಹೋಗಲಿಲ್ಲ. ನೇರ ಆಸ್ಟಿನ್‌ಗೆ ಡ್ರೈವ್ ಮಾಡಿದೆ. ಆರ್ಕಾದಿ ಪಾವ್ಲೊವಿಚ್ ಮಗಳ ಮನೆಯ ಹಿತ್ತಿಲಲ್ಲಿ ಟೊಮ್ಯಾಟೊ ಗಿಡಗಳಿಗೆ ಕೋಲು ಕಟ್ಟುತ್ತಿದ್ದರು. ನನ್ನನ್ನು ಕಂಡು ಸಂತೋಷಪಟ್ಟರು — ಆ ಸಂತೋಷವನ್ನು ನೋಡುತ್ತ ನಿಂತುಕೊಂಡೇ ಎಲ್ಲವನ್ನೂ ಹೇಳಿದೆ, ಶುದ್ಧ ರಷ್ಯನ್ನಿನಲ್ಲಿ, ಒಂದು ಪದವನ್ನೂ ಮೆದು ಮಾಡದೆ. ಕೇಳುತ್ತ ಕೇಳುತ್ತ ಅವರು ಕೈಯಲ್ಲಿದ್ದ ದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದರು.

“ಹಾಗಾದರೆ ಅವನು ಹೇಳಿದ್ದ,” ಎಂದರು ಕೊನೆಗೆ.

“ಹೇಳಿದ್ದ.”

“ಇಷ್ಟು ವರ್ಷ ಆ ಹುಡುಗ ನನ್ನ ಕಣ್ಣಲ್ಲಿ ಕಣ್ಣಿಟ್ಟು ಸುಳ್ಳು ಹೇಳಿದ ಅಂದುಕೊಂಡಿದ್ದೆ.” ತಮ್ಮ ಕೆಲಸ ಹೋದದ್ದರ ಬಗ್ಗೆ ಒಂದು ಮಾತೂ ಕೇಳಲಿಲ್ಲ. ನನ್ನನ್ನು ಬೈಯಲೂ ಇಲ್ಲ. ನಚಿಕೇತನ ನಂಬರ್ ಕೇಳಿದರು. ಕೊಟ್ಟೆ. ಮಾತಾಡುವಾಗ ನಾನು ಜೊತೆಗಿರಬೇಕೇ ಎಂದು ಕೇಳಿದೆ. ಅಭ್ಯಾಸ ಬಲ, ಏನು ಹೇಳಲಿ. ಆಗ ಅವರು ಮೊದಲ ಬಾರಿಗೆ ನನ್ನೊಡನೆ ಇಂಗ್ಲಿಷಿನಲ್ಲಿ ಮಾತಾಡಿದರು, ಮಕ್ಕಳಿಗೆ ಕಲಿಸುತ್ತ ಕಲಿತ ಮುರುಕು ಇಂಗ್ಲಿಷ್.

“ನೋ. ಓನ್ಲಿ ಹಿ ಅಂಡ್ ಮಿ.”

ಕ್ಲಬ್ಬಿನ ಮಾಲೀಕರಿಗೂ ಹೇಳಿದ್ದೇನೆ, ಮೂವರಿಗೂ, ಎದುರು ಕುಳಿತು. ಅವರು ಆರ್ಕಾದಿ ಪಾವ್ಲೊವಿಚ್‌ಗೆ ಫೋನ್ ಮಾಡಿದರೆಂದು ತಿಳಿಯಿತು. ಸುಧಾ ನನ್ನ ಕರೆ ಎತ್ತುವುದಿಲ್ಲ. ಅವಳು ಎತ್ತಬೇಕೆಂದು ನಾನು ಕೇಳುವುದೂ ಇಲ್ಲ. ನಚಿಕೇತ ಒಂದು ಭಾನುವಾರ ಆಸ್ಟಿನ್‌ಗೆ ಹೋಗಿದ್ದನಂತೆ, ಅವರಿಬ್ಬರೂ ಮಕ್ಕಳ ಆಟ ಮುಗಿದ ಮೇಲೂ ಪಾರ್ಕಿನ ಬೆಂಚಿನಲ್ಲಿ ಕುಳಿತಿದ್ದರಂತೆ — ಆರ್ಕಾದಿ ಪಾವ್ಲೊವಿಚ್‌ರ ಮಗಳು ಹೇಳಿದಳು. ಏನು ಮಾತಾಡಿದರೋ ಅವಳಿಗೂ ಗೊತ್ತಿಲ್ಲ. ನಾನು ಕೇಳಲಿಲ್ಲ.