ಬಾಲದ ಚಕ್ರಕ್ಕೆ ಎರಡು ಕೇಬಲ್

ಕಳೆದ ಭಾನುವಾರ ನನ್ನ ವಿಮಾನ ಮೂರನೇ ಸಲ ರೆಕ್ಕೆ ಹರಿದುಕೊಂಡಿತು. ಆಕಾಶದಲ್ಲಲ್ಲ, ನೆಲದ ಮೇಲೆ!

(ಗಾಬರಿಯಾಗಬೇಡಿ. ಅದು ಮಾಡೆಲ್ ವಿಮಾನ. ಈ ತುದಿಯಿಂದ ಆ ತುದಿಗೆ ಐದಡಿ. ರಿಟೈರ್ ಆದ ಮೇಲೆ ಕೊಳ್ಳೇಗಾಲದ ನಮ್ಮ ಮನೆಯ ಮಹಡಿಯಲ್ಲಿ ಕೂತು ಕಟ್ಟಿದ್ದು.)

ಯಳಂದೂರಿನ ಹತ್ತಿರ ಗಟ್ಟಿ ನೆಲದ ಬಯಲೊಂದಿದೆ. ಅಲ್ಲಿಟ್ಟು ಥ್ರಾಟಲ್ ಕೊಟ್ಟು ವೇಗ ಏರಿಸಿದೆ. ಹತ್ತು ಮಾರು ನೆಟ್ಟಗೆ ಓಡಿತು. ಸ್ವಲ್ಪ ಎಡಕ್ಕೆ ಎಳೆಯಿತು. ರಿಮೋಟಿನ ಸ್ಟಿಕ್ಕನ್ನು ಬಲಕ್ಕೆ ಮುಟ್ಟಿದೆ, ಅಷ್ಟೇ. ಗಿರ್ರನೆ ತಿರುಗಿ, ರೆಕ್ಕೆಯ ತುದಿ ನೆಲಕ್ಕೆ ಉಜ್ಜಿ ನಿಂತಿತು.

ಮರದ ಚೌಕಟ್ಟು ನನ್ನ ಕೆಲಸ. ಅದರ ಮೇಲೆ ಬಿಸಿಗೆ ಅಂಟುವ ಬಣ್ಣದ ಹಾಳೆ ಹಾಸಿ ಇಸ್ತ್ರಿ ಪೆಟ್ಟಿಗೆಯಲ್ಲಿ ಅಂಟಿಸುವುದು ನನ್ನ ಹೆಂಡತಿ ಗಿರಿಜಳ ಕೆಲಸ. ಹನೂರು ಕಡೆಯ ಬಂಡಳ್ಳಿಯವಳು, ವರ್ಷಗಟ್ಟಲೆ ಟೈಲರಿಂಗ್ ಮಾಡಿದವಳು. ಒಂದು ಸುಕ್ಕು ಬಿಡುವುದಿಲ್ಲ. ಹರಿದ ರೆಕ್ಕೆ ನೋಡಿ ಶಾಂತವಾಗಿಯೇ ಹೇಳಿದಳು: "ಇದೇ ಕೊನೆ ಕಣ್ರಿ. ಇನ್ನೊಂದ್ಸಲ ಅರುದ್ರೆ ನೀವೇ ಇಸ್ತ್ರಿ ಆಕ್ಕೊಳ್ಳಿ."

ನನಗೆ ಇಸ್ತ್ರಿ ಬರುವುದಿಲ್ಲ. ಶರಟುಗಳನ್ನೇ ಸುಟ್ಟಿದ್ದೇನೆ.

ಕಾರಣ ನನಗೆ ಗೊತ್ತಿತ್ತು (ಅಂದುಕೊಂಡಿದ್ದೆ). ವಿಮಾನದ ಬಾಲದಡಿ ಒಂದು ಪುಟ್ಟ ಚಕ್ರ. ಅದನ್ನು ತಿರುಗಿಸಲು ಎಡಕ್ಕೊಂದು, ಬಲಕ್ಕೊಂದು ತೆಳು ಕೇಬಲ್. ಒಳಗಿರುವ ಸಣ್ಣ ಮೋಟರು, ಅಂದರೆ ಸರ್ವೋ, ಯಾವುದನ್ನು ಎಳೆಯುತ್ತದೋ ಆ ಕಡೆಗೆ ಚಕ್ರ ತಿರುಗುತ್ತದೆ. ಕೇಬಲ್ ಸಡಿಲವಾಗಿರಬೇಕು! ಹಿಂದಿನ ಎರಡು ಸಲವೂ ಹಾಗೇ ಅಂದುಕೊಂಡು ಬಿಗಿ ಮಾಡಿದ್ದೆ. ಪಾಲಿಟೆಕ್ನಿಕ್‌ನಲ್ಲಿ ಮೆಕ್ಯಾನಿಕಲ್ ಪಾಠ ಹೇಳಿದವನಿಗೆ ಹೇಳಿಕೊಡುವವರು ಯಾರು?

ಮತ್ತೆ ಬಿಗಿ ಮಾಡಲು ಕೂತೆ. ಗಿರಿಜ ಪಕ್ಕದಲ್ಲಿ ಹಾಳೆ ಕತ್ತರಿಸುತ್ತಿದ್ದಳು.

"ಅದ್ಯಾಕ್ರೀ, ಸುಮ್ನೆ ನಿಂತಾಗ್ಲೂ ಗುಂಯ್ ಅಂತದೆ?"

"ಸರ್ವೋ ಇರೋದೇ ಹಾಗೆ."

"ನನ್ ಮಿಷನ್ನಲ್ಲಿ ದಾರ ಬಿಗಿ ಆದ್ರೂ ಇಂಗೇ ತಿಣುಕ್ತದೆ. ಅದು ಬುಡಿ. ಸ್ಕೂಟ್ರು ಜೋರಾಗ್ ಓಡುಸ್ವಾಗ ಆಂಡಲ್ ಏಟು ತಿರುಗುಸ್ತೀರಿ?"

ನನ್ನ ಕೈ ನಿಂತಿತು. ಜೋರಾಗಿ ಓಡುವಾಗ ಹ್ಯಾಂಡಲ್ ತಿರುಗಿಸುತ್ತೇವೆಯೇ? ಕೂದಲೆಳೆಯಷ್ಟು. ಸರ್ವೋದ ಪುಟ್ಟ ತೋಳಿನಲ್ಲಿ ಸಾಲಾಗಿ ತೂತುಗಳಿವೆ, ತುದಿಗೆ ಹೋದಷ್ಟೂ ಕೇಬಲ್ಲಿನ ಎಳೆತ ಉದ್ದ. ನಾನೋ, ತುತ್ತತುದಿಯ ತೂತಿಗೇ ಕೇಬಲ್ ಸಿಕ್ಕಿಸಿದ್ದೆ. ಸ್ಟಿಕ್ ಮುಟ್ಟಿದರೆ ಸಾಕು, ಚಕ್ರ ಪೂರ್ತಿ ತಿರುಗಿಬಿಡುತ್ತಿತ್ತು.

ಹತೋಟಿ ತಪ್ಪಿದಲ್ಲೆಲ್ಲ ನಮಗೆ ಗೊತ್ತಿರುವ ಮದ್ದು ಒಂದೇ: ಇನ್ನೂ ಬಿಗಿ. ಕ್ಲಾಸಿನಲ್ಲೂ ನಾನು ಅದನ್ನೇ ಮಾಡಿದೆ. ಎಷ್ಟು ಮಕ್ಕಳು ಹಿಂದಿನ ಬಾಗಿಲಿಂದ ಜಾರಿಕೊಂಡರೋ!

ಸ್ಕ್ರೂಡ್ರೈವರ್ ಕೈಗೆತ್ತಿಕೊಂಡೆ. (ಗಂಡಂದಿರು ಒಪ್ಪಿಕೊಳ್ಳುವ ರೀತಿಯೇ ಇದು.) ಕೇಬಲ್‌ಗಳನ್ನು ಒಳಗಿನ ತೂತಿಗೆ ಬದಲಿಸಿದೆ. ಬಿಗಿ ಇಳಿಸಿದೆ, ಗುಂಯ್ ಸದ್ದು ನಿಂತಿತು. ಚಕ್ರದ ಕಡೆ ಎರಡೂ ಕೇಬಲ್‌ಗೆ ಸಣ್ಣ ಸ್ಪ್ರಿಂಗ್ ಹಾಕಿದೆ, ಕಲ್ಲು ತಗುಲಿದರೆ ಪೆಟ್ಟು ಸರ್ವೋವರೆಗೆ ಹೋಗದಿರಲಿ ಅಂತ.

ನಿನ್ನೆ ಬೆಳಿಗ್ಗೆ ಅದೇ ಬಯಲು. ಈ ಸಲ ಗಿರಿಜಳೂ ಬಂದಿದ್ದಳು. ಥ್ರಾಟಲ್ ಕೊಟ್ಟೆ. ಎಡಕ್ಕೆ ಎಳೆಯಿತು. ಸ್ಟಿಕ್ಕನ್ನು ಬಲಕ್ಕೆ ಒತ್ತಿದೆ. ಮೂಗು ಮೆಲ್ಲಗೆ ನೆಟ್ಟಗಾಯಿತು, ಬಾಲ ಎದ್ದಿತು, ವಿಮಾನ ನೆಲ ಬಿಟ್ಟಿತು!

"ಮೂರು ಸಲಾನೂ ನನ್ನದೇ ತಪ್ಪು ಕಣೇ," ಅಂದೆ, ಮೇಲೆ ನೋಡುತ್ತಲೇ.

"ಮೊದ್ಲು ಕೆಳಿಕ್ ಇಳ್ಸಿ. ಆಮೇಲೆ ನನ್ ಮೊಕ ನೋಡ್ಕಂಡು ಯೇಳಿ."

ಇಳಿಸಿದೆ. ಮುಖ ನೋಡಿ ಹೇಳಿದೆ.

ನೀವು ನಿಮ್ಮ ಮನೆಯಲ್ಲಿ ಕೊನೆಯ ಸಲ ಹಾಗೆ ಹೇಳಿದ್ದು ಯಾವಾಗ?